ಜಗಲಿಯ ಮೇಲೆ ನೀವೇ ಮೂವರು

ಒಬ್ಬರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾರೆ, ಇನ್ನೊಬ್ಬರು ಕವಳದ ತಟ್ಟೆ ಚಾಚಿದ್ದಾರೆ, ಕಂಬಕ್ಕೆ ಒರಗಿದವರು ಪೇಪರ್ ಓದುತ್ತಿದ್ದಾರೆ. ಮೂವರೂ ನೀವೇ. ಇಂಥ ಫೋಟೋ ಮಾಡಲು ಫೋಟೋಶಾಪ್ ಕೊಳ್ಳಬೇಕಿಲ್ಲ, ಕೋರ್ಸ್ ಸೇರಬೇಕಿಲ್ಲ. ಉಚಿತವಾಗಿ ಸಿಗುವ ಗಿಂಪ್ ಎಂಬ ಫೋಟೋ ತಿದ್ದುವ ತಂತ್ರಾಂಶ ಸಾಕು. ಅದರಲ್ಲೂ ಲೇಯರ್ (ಒಂದರ ಮೇಲೊಂದು ಇಡುವ ಫೋಟೋ ಪದರ) ಮತ್ತು ಮಾಸ್ಕ್ ಎಂಬ ಎರಡು ಸಂಗತಿ ತಿಳಿದರಾಯಿತು. ಆದರೆ ಈ ಫೋಟೋ ಕೆಡುವುದು ಕಂಪ್ಯೂಟರಿನಲ್ಲಲ್ಲ, ಜಗಲಿಯಲ್ಲಿ. ತೆಗೆಯುವಾಗ ಫೋನ್ ಅಲುಗದೆ, ಬೆಳಕು ಬದಲಾಗದೆ ಇದ್ದರೆ ಜೋಡಿಸುವುದು 20 ನಿಮಿಷದ ಕೆಲಸ. ಇವೆರಡರಲ್ಲಿ ಒಂದು ತಪ್ಪಿದರೂ ರಾತ್ರಿಯಿಡೀ ಕೂತು ತಿದ್ದಬೇಕಾಗುತ್ತದೆ.

ಜಾಗ, ಬೆಳಕು

ಮಲೆನಾಡಿನಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಅಡಿಕೆ ತೋಟ. ಕಣ್ಣಿಗೆ ಚೆಂದ, ಆದರೆ ಕಲಿಯುವವರಿಗೆ ಅದಕ್ಕಿಂತ ಕಷ್ಟದ ಜಾಗ ಇಲ್ಲ. ಭೂಮಿ 4 ನಿಮಿಷಕ್ಕೆ 1 ಡಿಗ್ರಿ ತಿರುಗುತ್ತದೆ. ಮರದ ತಲೆ 15 ಮೀಟರ್ ಎತ್ತರದಲ್ಲಿದ್ದರೆ, ಸೋಗೆಯ ಸಂದಿನಿಂದ ನೆಲಕ್ಕೆ ಬಿದ್ದ ಬಿಸಿಲಿನ ಚುಕ್ಕೆ ನಡುಹಗಲಲ್ಲಿ ನಿಮಿಷಕ್ಕೆ ಸುಮಾರು 6 ಸೆಂಟಿಮೀಟರ್ ಸರಿಯುತ್ತದೆ. ಅಂಗಿ ಬದಲಿಸಿ ಮೂರು ಕಡೆ ಕೂತು ಏಳಲು 10 ನಿಮಿಷ ಹಿಡಿದರೆ ಚುಕ್ಕೆ ಎರಡಡಿ ಆಚೆ ಹೋಗಿರುತ್ತದೆ. ಜೋಡಿಸಿದಾಗ ನೆಲದ ತುಂಬ ಅರ್ಧಕ್ಕೆ ತುಂಡಾದ ಚುಕ್ಕೆಗಳು. ಗಾಳಿಗೆ ಸೋಗೆ ಆಡುವುದು ಇನ್ನೊಂದು ತೊಂದರೆ.

ಜಗಲಿಯೇ ಒಳ್ಳೆಯದು, ಅದೂ ಮೋಡ ಕವಿದ ದಿನ. ಮಳೆಗಾಲದ ಬೂದು ಬೆಳಕು ಎಲ್ಲ ಕಡೆಯಿಂದ ಹರಡಿ ಬರುವುದರಿಂದ ನೆರಳು ಮೆತ್ತಗಿರುತ್ತದೆ, ಅರ್ಧ ಗಂಟೆಯಲ್ಲಿ ಹೆಚ್ಚು ಬದಲಾಗುವುದೂ ಇಲ್ಲ. ಬಿಸಿಲು ಮೋಡಗಳ ಕಣ್ಣಾಮುಚ್ಚಾಲೆ ನಡೆಯುವ ದಿನ ಮಾತ್ರ ಬೇಡ. ಜಗಲಿಯ ಒಂದು ತುದಿಯಲ್ಲಿ, ಮಾಡಿನ ಒಳಗೇ, ಗೋಡೆಯ ಕಡೆಗೆ ಸ್ವಲ್ಪ ಓರೆಯಾಗಿ ಫೋನ್ ಇಡಿ. ಲೆನ್ಸಿಗೆ ಹನಿ ತಾಗುವುದಿಲ್ಲ, ಹಿಂದೆ ಅಲುಗುವ ಗಿಡವೂ ಬರುವುದಿಲ್ಲ.

ದೀಪ ಆರಿಸಿಬಿಡಿ. ನಡುವೆ ಕರೆಂಟ್ ಹೋದರೆ ಒಬ್ಬರು ಹಳದಿ, ಇಬ್ಬರು ನೀಲಿ ಆಗುತ್ತಾರೆ. ದೀಪ ಬೇಕೇ ಬೇಕೆಂದಾದರೆ ಶಟರ್ (ಕ್ಯಾಮೆರಾ ಬೆಳಕು ಒಳಬಿಡುವ ಹೊತ್ತು) 1/50 ಅಥವಾ 1/100 ಸೆಕೆಂಡಿಗೆ ಇಡಿ. ನಮ್ಮ ಕರೆಂಟ್ 50 ಹರ್ಟ್ಸಿನದು. ಅನೇಕ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುವುದರಿಂದ ಬೇರೆ ವೇಗದಲ್ಲಿ ಅಡ್ಡ ಪಟ್ಟಿ ಬೀಳಬಹುದು.

ಫೋನ್ ಸಿದ್ಧತೆ

ಟ್ರೈಪಾಡ್ ಇದ್ದರೆ ಸರಿ. ಇಲ್ಲದಿದ್ದರೆ ಸ್ಟೂಲಿನ ಮೇಲೆ ಒಂದು ಸೇರು ಅಕ್ಕಿ ಇಟ್ಟು ಅದರೊಳಗೆ ಫೋನಿನ ಬುಡ ಹುಗಿದು ನಿಲ್ಲಿಸಿ. ಬರೀ ಲೋಟಕ್ಕೆ ಆನಿಸಿಟ್ಟ ಫೋನ್ ಮರದ ನೆಲದಲ್ಲಿ ನೀವು ನಡೆದರೇ ಜಾರುತ್ತದೆ. ಎತ್ತರ ಸುಮಾರು 1 ಮೀಟರ್, ಹತ್ತಿರದವರಿಗೂ ಫೋನಿಗೂ ನಡುವೆ ಎರಡೂವರೆ ಮೀಟರ್ ಇರಲಿ. 1ಎಕ್ಸ್ ಲೆನ್ಸನ್ನೇ ಬಳಸಿ. ಅಲ್ಟ್ರಾವೈಡ್ ಲೆನ್ಸ್ ಅಂಚಿನಲ್ಲಿ ಕೂತವರ ಮುಖ ಎಳೆದು ಅಗಲ ಮಾಡುತ್ತದೆ, ಹಾಗಾಗಿ ಮೂವರೂ ಬೇರೆ ಬೇರೆ ಜನರಂತೆ ಕಾಣುತ್ತಾರೆ.

ಕ್ಯಾಮೆರಾದಲ್ಲಿ ಎಲ್ಲ ಕೈಯಾರೆ ಹೊಂದಿಸುವ ಪ್ರೊ ಮೋಡ್ ಇದ್ದರೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 200, ಶಟರ್ 1/60ರಿಂದ ಶುರುಮಾಡಿ. ಕತ್ತಲೆನಿಸಿದರೆ ಐಎಸ್ಒ 400ಕ್ಕೆ ಏರಿಸಿ. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಬೇಡಿ, ಮೋಡದ ಗುರುತಿಗೆ ಇಡಿ. ಬಿಳಿ ಪಂಚೆ ಉಟ್ಟು ಕೂತಾಗ ಒಂದು ಬಣ್ಣ, ಕೆಂಪು ಶರ್ಟ್ ಹಾಕಿದಾಗ ಇನ್ನೊಂದು ಬಣ್ಣ ಗೋಡೆಗೆ ಬರುವುದು ಆಟೋದಿಂದಲೇ. ಪ್ರೊ ಮೋಡ್ ಇಲ್ಲದಿದ್ದರೆ ಮಧ್ಯದಲ್ಲಿ ಕೂರುವ ಜಾಗದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಫೋಕಸ್ ಮತ್ತು ಬೆಳಕು ಲಾಕ್ ಆದ ಗುರುತು ಬರುತ್ತದೆ. ಬ್ಯೂಟಿ, ಪೋರ್ಟ್ರೇಟ್, ಎಚ್‌ಡಿಆರ್ ಮೂರನ್ನೂ ಆಫ್ ಮಾಡಿ. ಟೈಮರ್ 10 ಸೆಕೆಂಡ್. ಪ್ರತಿ ಸಲ ಪರದೆ ಮುಟ್ಟುವುದರಿಂದಲೇ ಫೋನ್ ಒಂದೆರಡು ಪಿಕ್ಸೆಲ್ ಸರಿಯುತ್ತದೆ, ಆದ್ದರಿಂದ ಬ್ಲೂಟೂತ್ ಗುಂಡಿ ಅಥವಾ ವಾಲ್ಯೂಮ್ ಕೀ ಇರುವ ಇಯರ್‌ಫೋನ್ ಇದ್ದರೆ ಇನ್ನೂ ಒಳ್ಳೆಯದು.

ತೆಗೆಯುವ ಕ್ರಮ

ಮೊದಲ ಫೋಟೋ ಯಾರೂ ಇಲ್ಲದ ಜಗಲಿಯದು. ಮೂವರ ಮುಂದಿನ ಸಾಮಾನು, ಅಂದರೆ ಮೆಟ್ಟುಗತ್ತಿ, ಗೋಟು, ತಟ್ಟೆ, ಚಾಪೆ ಎಲ್ಲ ಆಗಲೇ ತಮ್ಮ ಜಾಗದಲ್ಲಿರಲಿ. ಆಮೇಲೆ ಒಂದೊಂದು ಜಾಗದಲ್ಲಿ ಕೂತು ನಾಲ್ಕೈದು ತೆಗೆಯಿರಿ. ಕೊನೆಗೆ ಮತ್ತೆ ಖಾಲಿ ಜಗಲಿ. ಮೊದಲ ಮತ್ತು ಕೊನೆಯ ಖಾಲಿ ಫೋಟೋಗಳನ್ನು ಫೋನಿನಲ್ಲೇ ಹಿಂದೆ ಮುಂದೆ ಸರಿಸಿ ನೋಡಿ. ಕಂಬ ಕುಣಿದಂತೆ ಕಂಡರೆ ಫೋನ್ ಜಾರಿದೆ. ಆಗಲೇ ಮತ್ತೊಮ್ಮೆ ತೆಗೆದುಬಿಡುವುದು ಲೇಸು.

ಮೂವರ ನಡುವೆ ಕೈಕಾಲು ಸೇರಿಸಿ ಒಂದು ಗೇಣು ಖಾಲಿ ಜಾಗ ಉಳಿಯಲಿ. ಒಬ್ಬರು ಇನ್ನೊಬ್ಬರ ಹೆಗಲ ಮೇಲೆ ಕೈ ಹಾಕುವುದು ಎರಡನೇ ಪ್ರಯತ್ನಕ್ಕಿರಲಿ. ಅದರಲ್ಲಿ ಬೆರಳುಗಳ ಅಂಚನ್ನು ಒಂದೊಂದಾಗಿ ಬಿಡಿಸಬೇಕಾಗುತ್ತದೆ.

ಹೆಚ್ಚಿನವರು ಮರೆಯುವುದು ನೋಟವನ್ನು. ತಟ್ಟೆ ಚಾಚಿದವರು ಅಡಿಕೆ ಸುಲಿಯುವವರ ಕಣ್ಣನ್ನೇ ನೋಡಬೇಕು, ಅವರ ತಲೆಯ ಮೇಲಿನ ಗೋಡೆಯನ್ನಲ್ಲ. ಕೂತಾಗ ಮುಖ ಎಲ್ಲಿ ಬರುತ್ತದೆ ಎಂದು ನೋಡಿಟ್ಟುಕೊಂಡು, ಎದುರಿನ ಪಾತ್ರ ಮಾಡುವಾಗ ಅಲ್ಲಿ ಒಂದು ಕೋಲು ಊರಿ ತುದಿಗೆ ಟೋಪಿ ಇಡಿ. ಕೋಲು ಆ ಲೇಯರಿನ ಮರೆಯಾಗುವ ಭಾಗದಲ್ಲೇ ಇರುವುದರಿಂದ ಅಂತಿಮ ಚಿತ್ರದಲ್ಲಿ ಬರುವುದಿಲ್ಲ. ಇದೊಂದನ್ನು ಮಾಡಿದರೆ ಚಿತ್ರಕ್ಕೆ ಜೀವ ಬರುತ್ತದೆ.

ಜೋಡಿಸುವುದು

ಗಿಂಪಿನ ಫೈಲ್ ಮೆನುವಿನಲ್ಲಿ ‘ಓಪನ್ ಆಸ್ ಲೇಯರ್ಸ್’ ಒತ್ತಿ ಖಾಲಿ ಜಗಲಿಯನ್ನೂ ಆಯ್ದ ಮೂರು ಫೋಟೋಗಳನ್ನೂ ಒಟ್ಟಿಗೆ ತೆರೆಯಿರಿ. ಖಾಲಿ ಜಗಲಿ ಎಲ್ಲಕ್ಕಿಂತ ಕೆಳಗಿರಲಿ. ಹಳೆಯ ಕಂಪ್ಯೂಟರ್ ಆದರೆ ‘ಸ್ಕೇಲ್ ಇಮೇಜ್’ನಿಂದ ಅಗಲವನ್ನು 2400 ಪಿಕ್ಸೆಲ್‌ಗೆ ಇಳಿಸಿಕೊಳ್ಳಿ. 12 ಮೆಗಾಪಿಕ್ಸೆಲ್ಲಿನ ಒಂದೊಂದು ಲೇಯರೂ ಸುಮಾರು 48 ಎಂಬಿ ಮೆಮೊರಿ ತಿನ್ನುತ್ತದೆ.

ಇನ್ನು ಮಾಸ್ಕ್. ಲೇಯರಿಗೆ ಹೊದೆಸಿದ ಪರದೆ ಎಂದುಕೊಳ್ಳಿ: ಕಪ್ಪು ಇದ್ದಲ್ಲಿ ಲೇಯರ್ ಮರೆ, ಬಿಳಿ ಇದ್ದಲ್ಲಿ ಬಯಲು. ಮೇಲಿನ ಮೂರು ಲೇಯರುಗಳಲ್ಲಿ ಒಂದೊಂದರ ಮೇಲೂ ಬಲ ಕ್ಲಿಕ್ ಮಾಡಿ ‘ಆ್ಯಡ್ ಲೇಯರ್ ಮಾಸ್ಕ್’, ಅದರಲ್ಲಿ ‘ಬ್ಲ್ಯಾಕ್’ ಆಯ್ದುಕೊಳ್ಳಿ. ಮೂವರೂ ಮಾಯವಾಗಿ ಖಾಲಿ ಜಗಲಿ ಉಳಿಯುತ್ತದೆ. ಈಗ ಪಿ ಕೀ ಒತ್ತಿ ಬ್ರಷ್ ಹಿಡಿಯಿರಿ. ಡಿ, ನಂತರ ಎಕ್ಸ್ ಒತ್ತಿದರೆ ಬಣ್ಣ ಬಿಳಿ ಆಗುತ್ತದೆ. ಮೆತ್ತನೆ ಅಂಚಿನ ಬ್ರಷ್, ಅಳತೆ 100ರಿಂದ 150 ಪಿಕ್ಸೆಲ್, ಅಪಾಸಿಟಿ (ಗಾಢತೆ) 100. ನೀವು ಕೂತಿದ್ದ ಜಾಗದ ಮೇಲೆ ಬಳಿಯುತ್ತ ಹೋದಂತೆ ನೀವು ಮೂಡಿಬರುತ್ತೀರಿ. ಹೆಚ್ಚಾದರೆ ಎಕ್ಸ್ ಒತ್ತಿ ಕಪ್ಪಿನಿಂದ ಅಳಿಸಿ.

ದೇಹದ ಗೆರೆಯನ್ನೇ ಹಿಡಿದು ಬಳಿಯುವ ಅಗತ್ಯವಿಲ್ಲ. ಹೊಸಬರು ಮಾಡುವ ದೊಡ್ಡ ತಪ್ಪೇ ಅದು: ಗೆರೆಯಗುಂಟ ಕತ್ತರಿಸಿ ತಂದು ಅಂಟಿಸುವುದು. ಕೂದಲು ಹಲ್ಲುಹಲ್ಲಾಗುತ್ತದೆ, ನೆರಳು ಹಿಂದೆಯೇ ಉಳಿಯುತ್ತದೆ, ಮನುಷ್ಯ ಪೇಪರಿನಿಂದ ಕತ್ತರಿಸಿದ ಬೊಂಬೆಯಂತಾಗುತ್ತಾನೆ. ಎಲ್ಲ ಫೋಟೋಗಳಲ್ಲೂ ಗೋಡೆ ಒಂದೇ ಆಗಿರುವುದರಿಂದ ಸುತ್ತ ಅರ್ಧ ಗೇಣು ಧಾರಾಳವಾಗಿ ಬಳಿಯಿರಿ. ನೆರಳನ್ನು ಬಿಡಲೇಬೇಡಿ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಕನ್ನಡಿಯಂತೆ ಹೊಳೆಯುತ್ತದೆ. ಅಲ್ಲಿ ಮಂಡಿಯ ಕೆಳಗೆ ಬಿದ್ದ ಪ್ರತಿಬಿಂಬವನ್ನೂ ಸೇರಿಸಿ ಬಳಿಯಬೇಕು. ನೋಡುವವರಿಗೆ ಏನು ತಪ್ಪಿದೆ ಎಂದು ಹೇಳಲು ಬರುವುದಿಲ್ಲ, ಆದರೆ ಪ್ರತಿಬಿಂಬ ಇಲ್ಲದ ಮನುಷ್ಯನನ್ನು ಅವರ ಕಣ್ಣು ನಂಬುವುದೂ ಇಲ್ಲ.

ಬಳಿದಾಗ ಫೋಟೋದ ಮೇಲೆ ಬಿಳಿ ಸುಣ್ಣ ಹಚ್ಚಿದಂತೆ ಬಂದರೆ ನೀವು ಮಾಸ್ಕಿನ ಬದಲು ಚಿತ್ರದ ಮೇಲೆ ಬಳಿಯುತ್ತಿದ್ದೀರಿ. ಅನ್‌ಡೂ ಮಾಡಿ, ಲೇಯರ್ ಪಟ್ಟಿಯಲ್ಲಿ ಮಾಸ್ಕಿನ ಪುಟ್ಟ ಚೌಕದ ಮೇಲೆ ಕ್ಲಿಕ್ ಮಾಡಿ ಮತ್ತೆ ಶುರುಮಾಡಿ. ಗೋಡೆಯ ಬಣ್ಣ ಒಬ್ಬರ ಸುತ್ತ ಮಾತ್ರ ಮೋಡದಂತೆ ಕಪ್ಪಾಗಿ ಕಂಡರೆ ಬೆಳಕು ಬದಲಾಗಿದೆ. ಈ ಸಲ ಲೇಯರಿನ ಚಿತ್ರದ ಮೇಲೆ ಕ್ಲಿಕ್ ಮಾಡಿ, ಬೆಳಕು ತಿದ್ದುವ ‘ಕರ್ವ್ಸ್’ ತೆರೆದು ಗೆರೆಯ ನಡುವನ್ನು ಕೂದಲೆಳೆಯಷ್ಟು ಮೇಲೆತ್ತಿ. ಫೋನ್ ಸರಿದಿದ್ದರೆ ಮಾಸ್ಕ್ ಹಾಕುವ ಮೊದಲೇ ಮೇಲಿನ ಲೇಯರಿನ ‘ಮೋಡ್’ ಅನ್ನು ‘ಡಿಫರೆನ್ಸ್’ ಮಾಡಿ. ಎರಡು ಚಿತ್ರ ಸರಿಯಾಗಿ ಕೂತಲ್ಲೆಲ್ಲ ಕಪ್ಪಾಗುತ್ತದೆ. ಮೂವ್ ಟೂಲ್ ಹಿಡಿದು ಬಾಣದ ಕೀಗಳಿಂದ ಒಂದೊಂದೇ ಪಿಕ್ಸೆಲ್ ಸರಿಸುತ್ತ ಗೋಡೆ ಕಪ್ಪಾಗುವವರೆಗೆ ಹೊಂದಿಸಿ, ‘ಮೋಡ್’ ಅನ್ನು ಮತ್ತೆ ‘ನಾರ್ಮಲ್’ಗೆ ತನ್ನಿ.

ಗಿಂಪ್ ಹಾಕಿಕೊಳ್ಳಲು ಆಗದಿದ್ದರೆ ಬ್ರೌಸರಿನಲ್ಲೇ ತೆರೆಯುವ ಫೋಟೋಪೀಯಲ್ಲಿ ಇದೇ ಕೆಲಸ ಆಗುತ್ತದೆ. ಅಲ್ಲಿ ಲೇಯರ್ ಮೆನುವಿನ ‘ರಾಸ್ಟರ್ ಮಾಸ್ಕ್’ನೊಳಗೆ ‘ಹೈಡ್ ಆಲ್’ ಒತ್ತಿ. ಕಂಪ್ಯೂಟರ್ ಇಲ್ಲದ ಕಾಲದಲ್ಲೂ ಈ ಆಟ ಇತ್ತು. 1870ರ ದಶಕದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಆಸ್ಕರ್ ರೆಯ್ಲಾಂಡರ್ ಎಂಬ ಛಾಯಾಗ್ರಾಹಕ ಕತ್ತಲೆ ಕೋಣೆಯಲ್ಲೇ ಒಂದೇ ಚಿತ್ರದಲ್ಲಿ ಎರಡು ಸಲ ಕಾಣಿಸಿಕೊಂಡಿದ್ದ. ಬ್ರಷ್ ಮಾತ್ರ ಹೊಸದು.

ಅಂಗಳದಲ್ಲಿ ತೇಲುವುದು

ಇದಕ್ಕೆ ಎರಡೇ ಫೋಟೋ: ಖಾಲಿ ಅಂಗಳ, ಸ್ಟೂಲಿನ ಮೇಲೆ ಚಕ್ಕಳಮಕ್ಕಳ ಕೂತ ನೀವು. ಮೇಲಿನ ಲೇಯರಿಗೆ ಕಪ್ಪು ಮಾಸ್ಕ್ ಹಾಕಿ ನಿಮ್ಮನ್ನಷ್ಟೇ ಬಳಿದು ತೋರಿಸಿದರೆ ಸ್ಟೂಲ್ ಮಾಯ. ಸ್ಟೂಲ್ ತಾಗುವ ಕಡೆ ಮಾತ್ರ ಗೆರೆ ಹಿಡಿದೇ ಬಳಿಯಬೇಕು. ಚಿತ್ರವನ್ನು 200 ಪ್ರತಿಶತಕ್ಕೆ ಹಿಗ್ಗಿಸಿ, 10 ಪಿಕ್ಸೆಲ್ಲಿನ ಬ್ರಷ್ ಬಳಸಿ.

ಹೊಳೆಯುವ ನೆಲ ಇಲ್ಲಿ ಬೇಡ, ಸ್ಟೂಲಿನ ಪ್ರತಿಬಿಂಬ ಬರುತ್ತದೆ. ಸಗಣಿ ಸಾರಿಸಿದ ಅಂಗಳ ಒಳ್ಳೆಯದು, ಆದರೆ ಪೂರ್ತಿ ಒಣಗಿರಲಿ. ಹಸಿ ಇದ್ದಾಗ ತೆಗೆದರೆ ಎರಡು ಫೋಟೋಗಳ ನಡುವೆಯೇ ನೆಲದ ಬಣ್ಣ ಮಾಸುತ್ತದೆ. ಫೋನನ್ನು ಮಂಡಿಯ ಎತ್ತರಕ್ಕೆ ಇಳಿಸಿ, ನಿಮ್ಮ ಕೆಳಗಿನ ಖಾಲಿ ಜಾಗ ಚೆನ್ನಾಗಿ ಕಾಣುತ್ತದೆ. ಸ್ಟೂಲಿನ ಹಲಗೆ ನಿಮಗಿಂತ ಕಿರಿದಾಗಿರಲಿ. ಪಂಚೆಯೋ ಸೆರಗೋ ಹಲಗೆಯ ಮೇಲೆ ಮಡಚಿ ಕೂತಿದ್ದರೆ ಗುಟ್ಟು ರಟ್ಟಾಗುತ್ತದೆ, ಅದು ಹಲಗೆಯಿಂದ ಹೊರಗೆ ಇಳಿಬಿದ್ದಿರಬೇಕು.

ಕೊನೆಗೆ ನೆರಳು. ಖಾಲಿ ಅಂಗಳದ ಮೇಲೆ ಹೊಸ ಪಾರದರ್ಶಕ ಲೇಯರ್ ಹಾಕಿ, ನಿಮ್ಮ ನೇರ ಕೆಳಗೆ ಚಪ್ಪಟೆ ಅಂಡಾಕಾರ ಗುರುತಿಸಿ ಕಪ್ಪು ತುಂಬಿ, ಗುರುತನ್ನು (ಸೆಲೆಕ್ಷನ್) ತೆಗೆದು, ಮಸುಕು ಮಾಡುವ ‘ಗಾಸಿಯನ್ ಬ್ಲರ್’ 40ರಿಂದ 60 ಕೊಡಿ. ಅಪಾಸಿಟಿಯನ್ನು 30ಕ್ಕೆ ಇಳಿಸಿ. ಎತ್ತರಕ್ಕೆ ತೇಲಿದಷ್ಟೂ ನೆರಳು ಹರಡಿ ತೆಳುವಾಗಬೇಕು. ಗಾಢವಾದರೆ ನೀವು ನೆಲಕ್ಕೆ ಅಂಟಿದಂತೆಯೇ ಕಾಣುತ್ತೀರಿ.

ಮೊದಲು ಗಿಂಪಿನದೇ ಫೈಲ್ ಬಗೆಯಾದ ಎಕ್ಸ್‌ಸಿಎಫ್ ಆಗಿ ಉಳಿಸಿ. ಲೇಯರುಗಳು ಅದರಲ್ಲಿ ಹಾಗೇ ಉಳಿಯುತ್ತವೆ, ನಾಳೆ ತಪ್ಪು ಕಂಡರೆ ತಿದ್ದಬಹುದು. ಆಮೇಲೆ ‘ಎಕ್ಸ್‌ಪೋರ್ಟ್’ ಮಾಡಿ ಜೆಪೆಗ್, ಗುಣಮಟ್ಟ 90. ವಾಟ್ಸ್ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸುವ ಭರದಲ್ಲಿ ನೀವು ಕಷ್ಟಪಟ್ಟು ಮಾಡಿದ ಮೆತ್ತನೆ ನೆರಳು ಮೆಟ್ಟಿಲು ಮೆಟ್ಟಿಲಾಗುತ್ತದೆ.