ಗೇರ್‌ಬಾಕ್ಸ್ ಒಂದು, ಗುಡ್ಡ ಏಳು

ನಾನು ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಸ್ಕೀ ಗುಡ್ಡದಲ್ಲಿ, ಅಂದರೆ ಹಿಮದ ಮೇಲೆ ಜಾರಿ ಆಡುವ ಜಾಗದಲ್ಲಿ, ಕೆಲಸ ಮಾಡುತ್ತೇನೆ. ಶಾಲೆಗಳಿಗೆ ರಜೆ ಇರುವ ಫೆಬ್ರವರಿಯ ಪ್ರೆಸಿಡೆಂಟ್ಸ್ ವಾರ ಅಂದರೆ ನಮ್ಮ ಕಸುಬಿನವರಿಗೆ ಸುಗ್ಗಿ. ಆ ಶನಿವಾರ ಒಂಬತ್ತು ಗಂಟೆಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಜನರನ್ನು ಗುಡ್ಡ ಹತ್ತಿಸುವ, ಹಾಲ್ ಕಂಪನಿಯ ನಮ್ಮ ಹಳೇ ಇಬ್ಬರು ಕೂರುವ ಚೇರ್ ಲಿಫ್ಟ್‌ನ ಗೇರ್‌ಬಾಕ್ಸ್ ಒಳಗಿಂದ ರಾಗಿ ಬೀಸುವ ಕಲ್ಲಿನಂಥ ಸದ್ದು ಬಂತು. ಕೈಯಿಟ್ಟು ನೋಡಿದೆ. ಒಂದು ಬೇರಿಂಗ್ ಕಡೆ ಮುಟ್ಟಲಾಗದಷ್ಟು ಬಿಸಿ. ಎಣ್ಣೆ ಇಳಿಸಿದರೆ ತಳದಲ್ಲಿ ಹಿತ್ತಾಳೆ ಪುಡಿ ಮಿನುಗುತ್ತಿತ್ತು. ಅಲ್ಲಿಗೆ ಮುಗಿಯಿತು.

ಲಿಫ್ಟ್ ಹನ್ನೊಂದು ದಿನ ನಿಂತಿತು. ಬೇರಿಂಗ್ ಹುಡುಕುವುದಕ್ಕೇ ಐದು ದಿನ ಹೋಯಿತು. ಟಿಕೆಟ್, ಬಾಡಿಗೆ ಸಲಕರಣೆ, ಕ್ಯಾಂಟೀನ್ ಎಲ್ಲಾ ಸೇರಿ ಎಪ್ಪತ್ತು ಸಾವಿರ ಡಾಲರ್ ಹತ್ತಿರ ಕೈಬಿಟ್ಟಿತು. ರಿಪೇರಿಗೆ ಬೇರೆ ಹತ್ತೊಂಬತ್ತು ಸಾವಿರ. ಇಡೀ ಸೀಸನ್‌ಗೆ ಏಳೆಂಟು ಲಕ್ಷ ವಹಿವಾಟು ಇರುವ ಗುಡ್ಡ ನಮ್ಮದು. ಆ ಏಪ್ರಿಲ್‌ನಲ್ಲಿ ಇಬ್ಬರನ್ನು ಮನೆಗೆ ಕಳಿಸಬೇಕಾಯಿತು. ಅದು ನನಗೆ ಇವತ್ತಿಗೂ ನೋವು.

ಸೆಪ್ಟೆಂಬರ್‌ನಲ್ಲಿ ಸಂಘದ ಮೇಳಕ್ಕೆ ಹೋದೆ. ನ್ಯೂಯಾರ್ಕ್ ರಾಜ್ಯದ ಸ್ಕೀ ಪ್ರದೇಶಗಳ ಸಂಘವೂ ಪೆನ್ಸಿಲ್ವೇನಿಯಾದ ಸಂಘವೂ ಸೇರಿ ನಡೆಸುವ ಮೇಳ ಅದು. ಕಾಫಿ ಹಿಡಿದುಕೊಂಡು ಈ ಕಥೆ ಹೇಳುತ್ತಿದ್ದೆ. ಪಕ್ಕದಲ್ಲಿದ್ದವರು ಸುಮ್ನೆ ಕೇಳಿಸಿಕೊಂಡು, "ಅದೇ ಗೇರ್‌ಬಾಕ್ಸ್ ನಮ್ಮ ಶೆಡ್‌ನಲ್ಲಿ ಟಾರ್ಪಾಲಿನ್ ಕೆಳಗೆ ಬಿದ್ದಿದೆಯಲ್ಲಾ. ಆ ಲಿಫ್ಟ್ ಕಿತ್ತು ಎಂಟು ವರ್ಷ ಆಯಿತು" ಎಂದರು. ಅವರ ಗುಡ್ಡ ನಮ್ಮಿಂದ ಒಂದೂವರೆ ಗಂಟೆ ದಾರಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನ್ಯೂಯಾರ್ಕ್‌ನಲ್ಲಿ ಐವತ್ತಕ್ಕೂ ಜಾಸ್ತಿ ಸ್ಕೀ ಪ್ರದೇಶಗಳಿವೆ. ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ವೈಟ್‌ಫೇಸ್, ಗೋರ್, ಬೆಲೇರ್ ಈ ಮೂರನ್ನು ರಾಜ್ಯದ ಒಲಿಂಪಿಕ್ ಪ್ರಾಧಿಕಾರ ನಡೆಸುತ್ತದೆ. ಹಂಟರ್ 2019ರಿಂದ ವೇಲ್ ಎಂಬ ದೊಡ್ಡ ಸ್ಕೀ ಕಂಪನಿಯ ಕೈಯಲ್ಲಿದೆ. ಉಳಿದವರಲ್ಲಿ ಬಹಳ ಜನ ನಮ್ಮಂಥವರು. ನಾಲ್ಕೈದು ನೂರು ಅಡಿ ಎತ್ತರದ ಗುಡ್ಡ, ಎರಡು ಮೂರು ಲಿಫ್ಟ್, ಸಂಜೆ ಶಾಲೆ ಮಕ್ಕಳ ಗಲಾಟೆ. ಲಿಫ್ಟ್‌ಗಳು ನಮ್ಮ ವಯಸ್ಸಿನವು, ಕೆಲವು ಇನ್ನೂ ಹಳೆಯವು. ಹಾಲ್ ಕಂಪನಿ ವಾಟರ್‌ಟೌನ್‌ನಲ್ಲಿತ್ತು, ಬಾರ್ವಿಗ್ ಪೈನ್ ಐಲ್ಯಾಂಡ್‌ನಲ್ಲಿತ್ತು. ಎರಡೂ ಇದೇ ರಾಜ್ಯದವು, ಎರಡೂ ಬಾಗಿಲು ಹಾಕಿ ದಶಕಗಳಾದವು. ಅವರ ಲಿಫ್ಟ್ ಮಾತ್ರ ಇನ್ನೂ ತಿರುಗುತ್ತಿವೆ. ಬಿಡಿಭಾಗ ಎಲ್ಲಿಂದ ತರುವುದು? ಸತ್ತ ಗುಡ್ಡಗಳಿಂದಲೇ ತರಬೇಕು. ಪಕ್ಕದ ನ್ಯೂ ಇಂಗ್ಲೆಂಡ್‌ನಲ್ಲೇ ಮುಚ್ಚಿಹೋದ ಸ್ಕೀ ಗುಡ್ಡಗಳ ಪಟ್ಟಿ 600 ದಾಟಿದೆ.

ಸಂಘ ಏನು ಮಾಡುತ್ತದೆ ಅಂತ ಗೆಳೆಯರು ಕೇಳುತ್ತಾರೆ. ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ಯಾವ ಮಸೂದೆ ಬರುತ್ತಿದೆ ಅಂತ ಕಣ್ಣಿಟ್ಟಿರುತ್ತದೆ. ಶಾಲೆ ಮಕ್ಕಳಿಗೆ ಸ್ಕೀ ಪಾಸ್‌ಪೋರ್ಟ್ ಕೊಡಿಸುತ್ತದೆ, ಜಾಹೀರಾತು ಮಾಡುತ್ತದೆ, ತರಬೇತಿ ಇಡುತ್ತದೆ. ಇದೆಲ್ಲಾ ಬೇಕು. 1988ರಲ್ಲಿ ಈ ರಾಜ್ಯಕ್ಕೆ ಸ್ಕೀ ಸುರಕ್ಷತಾ ಕಾನೂನು ಬಂತು. ಗುಡ್ಡದವರ ಹೊಣೆ ಏನು, ಸ್ಕೀ ಮಾಡುವವರ ಹೊಣೆ ಏನು ಅಂತ ಗೆರೆ ಎಳೆಯಿತು. ಅದಿಲ್ಲದಿದ್ದರೆ ವಿಮೆ ಕಂತು ಕಟ್ಟಿಯೇ ನಾವು ಮುಳುಗುತ್ತಿದ್ದೆವು. ಆದರೆ ನನ್ನ ಮಟ್ಟಿಗೆ ಸಂಘದ ದೊಡ್ಡ ಉಪಕಾರ ಬೇರೆ. ಚಳಿಗಾಲವೆಲ್ಲಾ ಅವೇ ಶಾಲೆ ಮಕ್ಕಳಿಗಾಗಿ ಜಗ್ಗಾಡುವ ಗುಡ್ಡದವರನ್ನು ವರ್ಷಕ್ಕೆರಡು ಸಲ ಒಂದೇ ಮೇಜಿಗೆ ಕೂರಿಸುತ್ತದಲ್ಲ, ಅದು. ಮಿಕ್ಕಿದ್ದನ್ನು ನಾವೇ ಮಾಡಿಕೊಳ್ಳಬೇಕು.

ಗುಡ್ಡದವರೆಲ್ಲಾ ಬಿಡಿಭಾಗ ಹಂಚಿಕೊಳ್ಳಲಿ ಅಂತ ಮೊದಲು ಮಾಡಿದ್ದು ದಡ್ಡ ಕೆಲಸ. ಒಂದು ಸ್ಪ್ರೆಡ್‌ಶೀಟ್ ಮಾಡಿ ಇಪ್ಪತ್ತು ಗುಡ್ಡಗಳಿಗೆ ಕಳಿಸಿದೆ. ನಿಮ್ಮ ಶೆಡ್‌ನಲ್ಲಿ ಏನೇನಿದೆ ಬರೆಯಿರಿ ಎಂದೆ. ಮೂರು ಉತ್ತರ ಬಂದವು. ಒಂದರಲ್ಲಿ "ಬೇರಿಂಗ್, ತರಾವರಿ" ಅಂತಷ್ಟೇ ಇತ್ತು. ಹಿರಿಯ ಮ್ಯಾನೇಜರ್ ಒಬ್ಬರು ಫೋನ್ ಮಾಡಿ, "ಒಳ್ಳೆ ಸಾಮಾನು ಇದ್ದವನು ಯಾವನೂ ತೋರಿಸಲ್ಲ, ಇಲ್ಲದವನೇ ಪಟ್ಟಿ ಕೇಳೋದು" ಎಂದರು. ಸಂಘದ ಸಭೆ ಶುರುವಾಗುವುದೇ ಬೆಲೆ ಬಗ್ಗೆ ಯಾರೂ ಮಾತಾಡಬಾರದು ಎಂಬ ಎಚ್ಚರಿಕೆಯಿಂದ. ಪೈಪೋಟಿ ಕಾನೂನು ಇದೆ. ಹಾಗಾಗಿ ಬಿಡಿಭಾಗದ ಮಾತೆತ್ತಿದರೂ ಒಬ್ಬಿಬ್ಬರು ಬೆದರಿದರು. ವಕೀಲರನ್ನು ಕೇಳಿ ನಾನ್ನೂರು ಡಾಲರ್ ಕೊಟ್ಟೆ. ಟಿಕೆಟ್ ಬೆಲೆ ಮಾತಾಡದೆ ಬೇರಿಂಗ್ ಮಾತ್ರ ಹಂಚಿಕೊಂಡರೆ ತೊಂದರೆ ಇಲ್ಲ ಎಂದರು.

ಎರಡನೇ ವರ್ಷ ನಾನೇ ಮೊದಲು ಕೊಟ್ಟು ತೋರಿಸೋಣ ಅಂದುಕೊಂಡೆ. ಒಂದು ಗುಡ್ಡಕ್ಕೆ ನಲವತ್ತು ಶೀವ್ ಲೈನರ್, ಅಂದರೆ ಲಿಫ್ಟ್‌ನ ಹಗ್ಗ ಉರುಳುವ ಗಾಲಿಗಳಿಗೆ ಹಾಕುವ ರಬ್ಬರ್ ಬಳೆ, ಕೊಟ್ಟೆ. ಒಂದೂ ವಾಪಸ್ ಬರಲಿಲ್ಲ. ಒಂದಕ್ಕೆ ಐವತ್ತು ಡಾಲರ್ ಹಿಡಿದರೂ ಎರಡು ಸಾವಿರ ಹೋಯಿತು. ನಮ್ಮ ಗುಡ್ಡದ ಯಜಮಾನರು ಏನೂ ಅನ್ನಲಿಲ್ಲ, ಆದರೆ ಮುಖದಲ್ಲಿ ಇತ್ತು.

ಮೂರನೇ ಬೇಸಿಗೆ ಪಟ್ಟಿ ಕೇಳುವುದನ್ನೇ ಬಿಟ್ಟೆ. ಅಳತೆ ತೆಗೆಯುವ ವರ್ನಿಯರ್, ಸುಣ್ಣದ ಕಡ್ಡಿ, ಕ್ಯಾಮೆರಾ ಹಿಡಿದು ನಾನೇ ಹೊರಟೆ. ಶನಿವಾರ ಭಾನುವಾರ ಮಾತ್ರ. ಎರಡು ಬೇಸಿಗೆಯಲ್ಲಿ ಮೂರು ಸಾವಿರ ಮೈಲಿ ಓಡಿಸಿರಬೇಕು. ಡೀಸೆಲ್ ನನ್ನದೇ. ಪ್ರತಿ ಶೆಡ್‌ನಲ್ಲೂ ಸಾಮಾನು ಎಳೆದು, ಒರೆಸಿ, ಎರಕದ ಮೇಲಿನ ನಂಬರ್ ಓದಿ, ಅಳತೆ ತೆಗೆದು ಬರೆದುಕೊಂಡೆ. ಏಳು ಗುಡ್ಡ, ಸುಮಾರು ನಾನ್ನೂರು ಸಾಮಾನು. ಅರ್ಧಕ್ಕರ್ಧ ತಪ್ಪು ಹೆಸರಲ್ಲಿ ಇದ್ದವು. ಹಾಲ್ ಅಂತ ಇಟ್ಟುಕೊಂಡದ್ದು ಬಾರ್ವಿಗ್, ಬಾರ್ವಿಗ್ ಅಂದದ್ದು ಯಾವುದೋ ಮರದ ಮಿಲ್ಲಿನ ಗೇರ್. ಗುಡ್ಡದವರಿಗೇ ತಮ್ಮ ಹತ್ತಿರ ಏನಿದೆ ಅಂತ ಗೊತ್ತಿರಲಿಲ್ಲ. ಮುಚ್ಚಿಡುತ್ತಾರೆ ಅಂತ ಹಿರಿಯರು ಹೇಳಿದ್ದು ಅಲ್ಲಿಗೆ ಸುಳ್ಳಾಯಿತು.

ಸಾಮಾನು ಕೊಟ್ಟು ತೆಗೆದುಕೊಳ್ಳುವ ಲೆಕ್ಕಕ್ಕೆ ನನಗೆ ದಾರಿ ತೋರಿಸಿದ್ದು ಊರಿನ ಡೈರಿ. ನಮ್ಮಪ್ಪ ಹಾಸನದ ಕಡೆ ಹಳ್ಳಿಯೊಂದರ ಹಾಲಿನ ಸೊಸೈಟಿಗೆ ಕಾರ್ಯದರ್ಶಿ ಆಗಿದ್ದರು. ಬೆಳಗ್ಗೆ ಐದೂವರೆಗೆ ಬಾಗಿಲು ತೆಗೆದರೆ ಕ್ಯಾನ್ ಹಿಡಿದವರ ಸಾಲು. ಯಾರ ಹಾಲು ಎಷ್ಟು ಲೀಟರ್, ಫ್ಯಾಟ್ ಎಷ್ಟು ಅಂತ ಒಂದೇ ಪುಸ್ತಕ, ಮೇಜಿನ ಮೇಲೆ ತೆರೆದೇ ಇರುತ್ತಿತ್ತು. ಯಾರು ಬೇಕಾದರೂ ಯಾರ ಸಾಲನ್ನಾದರೂ ಓದಬಹುದು. ಮಾತು ಬಿಟ್ಟ ದಾಯಾದಿಗಳೂ ಅದೇ ಕ್ಯಾನಿಗೆ ಹಾಲು ಸುರಿಯುತ್ತಿದ್ದರು. ಪುಸ್ತಕ ತೆರೆದಿತ್ತು, ಅದಕ್ಕೆ.

ನಾನೂ ಹಾಗೇ ಮಾಡಿದೆ. ಏಳು ಗುಡ್ಡದವರೂ ನೋಡಬಹುದಾದ ಒಂದೇ ದಾಖಲೆ. ಯಾರು ಏನು ಒಯ್ದರು, ಯಾವ ತಾರೀಖು, ವಾಪಸ್ ಬಂತಾ ಇಲ್ಲವಾ. ಬಾಡಿಗೆ ಇಲ್ಲ. ಒಯ್ದವರು ನವೆಂಬರ್ ಒಂದರ ಒಳಗೆ ಅದನ್ನೇ ಅಥವಾ ಅಂಥದ್ದೇ ಹೊಸದನ್ನು ತಂದಿಡಬೇಕು. ಸೇರುವಾಗ ಐನೂರು ಡಾಲರ್ ಠೇವಣಿ. ನಲವತ್ತು ಲೈನರ್ ಒಯ್ದವರ ಹೆಸರನ್ನು ಮೊದಲ ಸಾಲಲ್ಲೇ ಬರೆದೆ. ಯಾರಿಗೂ ಏನೂ ಹೇಳಲಿಲ್ಲ. ಮೂರು ವಾರಕ್ಕೆ ಹೊಸ ಲೈನರ್‌ನ ಎರಡು ಡಬ್ಬಿ ನಮ್ಮ ಬಾಗಿಲಲ್ಲಿತ್ತು.

ವಿಮೆಯವರದು ಬೇರೆ ತಕರಾರು. ಎರವಲು ತಂದ ಸಾಮಾನು ಕೈಕೊಟ್ಟರೆ ಹೊಣೆ ಯಾರದು? ನ್ಯಾಯವಾದ ಪ್ರಶ್ನೆ. ಅದಕ್ಕೆ ಸಾಮಾನು ಎರಡು ಗುಂಪು ಮಾಡಿದೆ. ಕುರ್ಚಿಯನ್ನು ಹಗ್ಗಕ್ಕೆ ಕಚ್ಚಿ ಹಿಡಿಯುವ ಗ್ರಿಪ್, ಬ್ರೇಕ್, ಹಿಂದಕ್ಕೆ ಉರುಳದಂತೆ ತಡೆಯುವ ಆಂಟಿ ರೋಲ್‌ಬ್ಯಾಕ್, ಇವು ಪರೀಕ್ಷೆಯ ಕಾಗದ ಇಲ್ಲದೆ ಶೆಡ್ ಬಿಟ್ಟು ಕದಲುವಂತಿಲ್ಲ. ಉಳಿದದ್ದಕ್ಕೆ ಲೋಹದ ಬಿಲ್ಲೆ. ಯಾವ ಲಿಫ್ಟಿಂದ ಕಿತ್ತದ್ದು, ಯಾರು ತೆರೆದು ನೋಡಿದರು, ಯಾವಾಗ. ಈ ರಾಜ್ಯದಲ್ಲಿ ಲಿಫ್ಟ್ ತಪಾಸಣೆ ಕಾರ್ಮಿಕ ಇಲಾಖೆಯದು. ಬಿಲ್ಲೆ ನೋಡಿದ ಮೇಲೆ ತಪಾಸಣೆಗೆ ಬಂದವರೂ ವಿಮೆಯವರೂ ಒಪ್ಪಿದರು. ಹೊಸ ಸಾಮಾನಿಗೂ ಇಷ್ಟು ಚೆನ್ನಾಗಿ ಲೆಕ್ಕ ಇಡಲ್ಲ ಅಂತ ಅವರಲ್ಲೊಬ್ಬರು ಹೇಳಿದ್ದು ನನಗೆ ಹೆಮ್ಮೆ.

ಹಣ ಉಳಿದದ್ದು ನಾನು ಎಣಿಸದ ಕಡೆ. ಗ್ರಿಪ್‌ಗಳಲ್ಲಿ ಬಿರುಕು ಇದೆಯಾ ಅಂತ ಮ್ಯಾಗ್ನೆಟಿಕ್ ಪರೀಕ್ಷೆ ಮಾಡುವವರನ್ನು ಪ್ರತಿ ಗುಡ್ಡವೂ ಬೇರೆ ಬೇರೆ ಕರೆಸುತ್ತಿತ್ತು. ಪ್ರಯಾಣ, ಹೋಟೆಲ್ ಎಲ್ಲಾ ಸೇರಿ ಒಬ್ಬೊಬ್ಬರಿಗೆ ಸಾವಿರದ ಎಂಟುನೂರು ಬೀಳುತ್ತಿತ್ತು. ಒಂದೇ ವಾರದಲ್ಲಿ ಏಳು ಗುಡ್ಡ ಸುತ್ತಿಸಿದೆವು. ಸಾವಿರದ ನೂರರ ಹತ್ತಿರ ಬಂತು. ಲಿಫ್ಟ್‌ನ ಉಕ್ಕಿನ ಹಗ್ಗ ಸ್ಪ್ಲೈಸ್ ಮಾಡುವವರದೂ, ಅಂದರೆ ಎರಡು ತುದಿ ಹೆಣೆದು ಜೋಡಿಸುವವರದೂ, ಅದೇ ಕಥೆ. ಒಂದಿಂಚು ಹಗ್ಗಕ್ಕೆ ನೂರಡಿ ಸ್ಪ್ಲೈಸ್ ಬೇಕು, ವ್ಯಾಸದ 1200 ಪಟ್ಟು. ಅದನ್ನು ಸರಿಯಾಗಿ ಮಾಡುವ ಕೈಗಳು ಕಮ್ಮಿ. ಒಬ್ಬರು ಬಂದ ದಿನ ಏಳು ಗುಡ್ಡದ ಮೆಕ್ಯಾನಿಕ್‌ಗಳೂ ನಮ್ಮಲ್ಲಿ ಸೇರಿ ನಿಂತು ನೋಡಿದರು. ಹದಿನಾಲ್ಕು ಜನ, ಮಧ್ಯಾಹ್ನಕ್ಕೆ ನಾನು ಮಾಡಿದ ಚಿತ್ರಾನ್ನ. ಅದಕ್ಕಿಂತ ಒಳ್ಳೆ ತರಬೇತಿ ನಾನು ನೋಡಿಲ್ಲ.

ಈ ನಡುವೆ ಬೇರೊಂದು ಹುಚ್ಚು ಹಿಡಿದಿತ್ತು. ವರ್ಮಾಂಟ್‌ನ ಕ್ರಾಫ್ಟ್ಸ್‌ಬರಿಯಲ್ಲಿ ಹಿಮದ ರಾಶಿಯನ್ನು ಮರದ ಚಕ್ಕೆಯಿಂದ ಮುಚ್ಚಿ ಬೇಸಿಗೆ ದಾಟಿಸುತ್ತಾರೆ. ನಾನೂ ಮಾರ್ಚ್‌ನಲ್ಲಿ ಹಿಮ ಸಮ ಮಾಡುವ ಗ್ರೂಮರ್ ಯಂತ್ರದಿಂದ ರಾಶಿ ಹಾಕಿ ಅರ್ಧ ಅಡಿ ಗರಗಸದ ಪುಡಿ ಹರಡಿದೆ. ಜೂನ್ ಮಧ್ಯಕ್ಕೆ ಒದ್ದೆ ಪುಡಿ ಮಾತ್ರ ಉಳಿಯಿತು. ಮರುವರ್ಷ ಒಂದೂವರೆ ಅಡಿ ಚಕ್ಕೆ ಹಾಕಿದೆ, ಆಗಸ್ಟ್‌ವರೆಗೆ ಬಂತು. ರಾಶಿ ಸಣ್ಣದಾದರೆ ಮೈ ಜಾಸ್ತಿ, ಹೊಟ್ಟೆ ಕಮ್ಮಿ. ಅದಕ್ಕೇ ಕರಗುತ್ತದೆ. ಏಳು ಗುಡ್ಡದವರು ಸೇರಿ ಒಂದೇ ದೊಡ್ಡ ರಾಶಿ ಹಾಕಿದರೆ ನಿಲ್ಲುತ್ತದೆ ಅಂತ ನನ್ನ ನಂಬಿಕೆ. ಆದರೆ ಹಿಮವನ್ನು ಲಾರಿಯಲ್ಲಿ ಹೊರುವ ಖರ್ಚು ಲೆಕ್ಕ ಹಾಕಿ ಸದ್ಯಕ್ಕೆ ಬಿಟ್ಟಿದ್ದೇನೆ.

ಕೆಲಸಕ್ಕೆ ಬಂದ ಇನ್ನೊಂದು ಪ್ರಯೋಗ ಪೆರುವಿನ ವಿದ್ಯಾರ್ಥಿಗಳಿಂದ ಆಯಿತು. ಅಲ್ಲಿ ಬೇಸಿಗೆ ರಜೆ ಇರುವಾಗ ಇಲ್ಲಿ ನಮಗೆ ಚಳಿಗಾಲ. ವಿನಿಮಯ ಕಾರ್ಯಕ್ರಮದ ಜೆ-1 ವೀಸಾದಲ್ಲಿ ಬರುತ್ತಾರೆ, ಲಿಫ್ಟ್ ನಡೆಸುತ್ತಾರೆ. ಲಿಫ್ಟ್ ನಿಂತಾಗ ಜನರನ್ನು ಹಗ್ಗದಲ್ಲಿ ಇಳಿಸುವ ಕ್ರಮವನ್ನು ಅವರಿಂದಲೇ ಸ್ಪ್ಯಾನಿಶ್‌ನಲ್ಲಿ ಬರೆಸಿ ಕಾರ್ಡ್ ಮಾಡಿಸಿದೆ. ಅಚ್ಚಿಗೆ ತೊಂಬತ್ತು ಡಾಲರ್. ಈಗ ಏಳೂ ಗುಡ್ಡದ ಲಿಫ್ಟ್ ಕೋಣೆಯಲ್ಲಿ ಅದು ನೇತಾಡುತ್ತಿದೆ.

ಒಂದೆರಡು ವಿಷಯ ಇಲ್ಲಿ ಬರೆಯುವುದಿಲ್ಲ. ಹತ್ತು ವರ್ಷ ಮಾತಾಡದಿದ್ದ ಎರಡು ಗುಡ್ಡದ ಯಜಮಾನರನ್ನು ಒಂದೇ ದಾಖಲೆಗೆ ಸಹಿ ಹಾಕಿಸಿದ್ದು ಹೇಗೆ ಅನ್ನುವುದು ಒಂದು. ಹಳೇ ಶೀವ್‌ಗೆ ಹೊಂದುವ ಲೈನರ್ ಎಲ್ಲಿ ಮಾಡಿಸುತ್ತೇನೆ ಅನ್ನುವುದು ಇನ್ನೊಂದು. ಖುದ್ದಾಗಿ ಬಂದು ಕೇಳಿದವರಿಗೆ ಎರಡನೆಯದನ್ನು ಹೇಳುತ್ತೇನೆ.

ಕಳೆದ ಚಳಿಗಾಲ, ಜನವರಿಯ ಒಂದು ಶುಕ್ರವಾರ ರಾತ್ರಿ ಹತ್ತಕ್ಕೆ ಫೋನ್ ಬಂತು. ಮಾಡಿದವರು "ಒಳ್ಳೆ ಸಾಮಾನು ಯಾವನೂ ತೋರಿಸಲ್ಲ" ಎಂದಿದ್ದ ಅದೇ ಹಿರಿಯರು. ಅವರ ಹಾಲ್ ಲಿಫ್ಟ್‌ನ ಗೇರ್‌ಬಾಕ್ಸ್ ಹೋಗಿತ್ತು. ದಾಖಲೆ ತೆರೆದೆ. ಟಾರ್ಪಾಲಿನ್ ಕೆಳಗಿದ್ದ ಗೇರ್‌ಬಾಕ್ಸ್ ನಾವು ಹಿಂದಿನ ಬೇಸಿಗೆಯಲ್ಲೇ ತೆರೆದು, ಬೇರಿಂಗ್, ಸೀಲ್ ಬದಲಿಸಿ ಇಟ್ಟಿದ್ದೆವು. ಏಳು ಗುಡ್ಡ ಸೇರಿ ಹಾಕಿದ ಖರ್ಚು ನಾಲ್ಕು ಸಾವಿರದ ಚಿಲ್ಲರೆ. ಶನಿವಾರ ಬೆಳಗ್ಗೆ ಫ್ಲಾಟ್‌ಬೆಡ್ ಮೇಲೆ ಹೊರಟಿತು. ಕ್ರೇನ್ ಮಧ್ಯಾಹ್ನಕ್ಕೆ ಬಂತು. ಮೈನಸ್ ಹದಿನೈದರಲ್ಲಿ ನಾಲ್ಕು ಗುಡ್ಡದ ಮೆಕ್ಯಾನಿಕ್‌ಗಳು ಭಾನುವಾರ ಕತ್ತಲಾಗುವವರೆಗೆ ಅಲೈನ್‌ಮೆಂಟ್ ಮಾಡಿದೆವು. ಸೋಮವಾರ ಖಾಲಿ ಓಡಿಸಿ, ಬ್ರೇಕ್ ಪರೀಕ್ಷೆ ಮಾಡಿ, ತಪಾಸಣೆಯವರು ನೋಡಿ ಒಪ್ಪಿದ ಮೇಲೆ ಮಂಗಳವಾರ ಮಧ್ಯಾಹ್ನ ಶಾಲೆ ಮಕ್ಕಳು ಕೂತರು. ನಮ್ಮಲ್ಲಿ ಹನ್ನೊಂದು ದಿನ ಹಿಡಿದಿತ್ತು, ಅಲ್ಲಿ ನಾಲ್ಕು. ಹಿರಿಯರು ಮಾತಾಡಲಿಲ್ಲ. ನನ್ನ ಗ್ಲೌಸ್ ಒದ್ದೆಯಾಗಿದ್ದನ್ನು ನೋಡಿ ತಮ್ಮದನ್ನು ಬಿಚ್ಚಿ ಕೊಟ್ಟರು. ಇನ್ನೂ ನನ್ನ ಹತ್ತಿರವೇ ಇದೆ.

ಈ ಸೆಪ್ಟೆಂಬರ್‌ಗೆ ಎಂಟನೇ ಗುಡ್ಡ ಸೇರುತ್ತಿದೆ. ಅವರ ಶೆಡ್‌ನಲ್ಲಿ ಬಾರ್ವಿಗ್ ಬುಲ್‌ವೀಲ್‌ನ, ಅಂದರೆ ಹಗ್ಗ ಸುತ್ತಿ ತಿರುಗುವ ದೊಡ್ಡ ಚಕ್ರದ, ಎರಡು ಬೇರಿಂಗ್ ಇವೆಯಂತೆ, ಪೆಟ್ಟಿಗೆಯನ್ನೇ ಒಡೆದಿಲ್ಲವಂತೆ. ಶನಿವಾರ ವರ್ನಿಯರ್ ಹಿಡಿದು ಹೊರಡುತ್ತೇನೆ.