ಸಮ್ಮೇಳನದಲ್ಲಿ ಅಡಿಕೆ ಹಾಳೆಯ ಬೀಸಣಿಗೆ, ತೆಂಗಿನ ಗರಿಯ ಪೀಪಿ: ಮುಕ್ಕಾಲು ಗಂಟೆಯ ತಯಾರಿ

ಆಮಂತ್ರಣ ಪತ್ರಿಕೆಯಲ್ಲಿ ಒಂದೂವರೆ ಗಂಟೆ ಎಂದು ಅಚ್ಚಾಗಿದ್ದರೂ ಕರಕುಶಲ ಶಿಬಿರಕ್ಕೆ ಸಿಗುವುದು ಮುಕ್ಕಾಲು ಗಂಟೆ. ಉದ್ಘಾಟನೆ ತಡವಾಗುತ್ತದೆ, ಸನ್ಮಾನ ಉದ್ದವಾಗುತ್ತದೆ, ಊಟದ ಹೊತ್ತು ಮಾತ್ರ ಕದಲುವುದಿಲ್ಲ. ಹಾಗಾಗಿ ಕಾಸರಗೋಡಿನ ಆಸುಪಾಸಿನ ಕನ್ನಡ ಸಮ್ಮೇಳನ, ಅಧ್ಯಾಪಕರ ಸಮಾವೇಶಗಳಿಗೆ ಶಿಬಿರ ಯೋಜಿಸುವಾಗ ಮುಕ್ಕಾಲು ಗಂಟೆಯಲ್ಲಿ ಮುಗಿಯದ ವಸ್ತುವನ್ನು ನಾನು ಪಟ್ಟಿಗೇ ಸೇರಿಸುವುದಿಲ್ಲ.

ಎಲ್ಲರೂ ಕೇಳುವುದು ಮುಟ್ಟಾಳೆಯನ್ನು, ಅಂದರೆ ಅಡಿಕೆ ಹಾಳೆಯ ಟೊಪ್ಪಿಯನ್ನು. ಆದರೆ ಮಡಿಕೆ ಕೂತು, ಹೊಲಿಗೆ ಬಿದ್ದು, ತಲೆಗೆ ಸರಿಹೊಂದಬೇಕಾದರೆ ಕೈ ಪಳಗಿರಬೇಕು. ಬಲ್ಲವರೊಬ್ಬರು ಎದುರಿಗೆ ಕೂತು ಒಂದು ಮಾಡಿ ತೋರಿಸಿದರೆ ಸಾಕು. 40 ಮಂದಿಯ ಕೈಗೆ ಕೊಡಲು ಎರಡೇ ವಸ್ತು: ಅಡಿಕೆ ಹಾಳೆಯ ಬೀಸಣಿಗೆ, ತೆಂಗಿನ ಗರಿಯ ಪೀಪಿ.

ಹಾಳೆ ಆರಿಸುವುದರಲ್ಲೇ ಅರ್ಧ ಕೆಲಸ. ಬದಿಯಡ್ಕ, ಪೆರ್ಲದ ಕಡೆ ತೋಟಗಳಲ್ಲಿ ಹಾಳೆಗೆ ಬರವಿಲ್ಲ, ಬರ ಇರುವುದು ಒಳ್ಳೆಯ ಹಾಳೆಗೆ. ಮಳೆಗಾಲದಲ್ಲಿ ಬಿದ್ದದ್ದಕ್ಕೆ ಕಪ್ಪು ಬೂಷ್ಟು ಹಿಡಿದಿರುತ್ತದೆ. ತೊಳೆದರೂ ಕಲೆ ಹೋಗದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ತೋಟದ್ದಾದರೆ ನೀಲಿ ಚುಕ್ಕೆ ಕಾಣುತ್ತದೆ. ಅದು ದ್ರಾವಣಕ್ಕೆ ಹಾಕುವ ವಿಷಕಾರಿ ಮೈಲುತುತ್ತಿನ ಕಲೆ, ಮಕ್ಕಳು ಬರುವ ಶಿಬಿರಕ್ಕೆ ಬೇಡವೇ ಬೇಡ. ಬೇಸಗೆಯಲ್ಲಿ ಬಿದ್ದ ದಿನವೇ ಹೆಕ್ಕಿ, ನೆರಳಲ್ಲಿ ಒಣಗಿಸಿ ಅಟ್ಟದಲ್ಲಿ ಇಟ್ಟದ್ದು ಉತ್ತಮ. 40 ಮಂದಿಗೆ 50 ಹಾಳೆ ತನ್ನಿ.

ಹಸಿ ಹಾಳೆಗೆ ಬಣ್ಣ ಹಿಡಿಯುವುದಿಲ್ಲ, ಒಣ ಹಾಳೆ ಕತ್ತರಿಗೆ ಬಗ್ಗುವುದಿಲ್ಲ. ಎರಡನ್ನೂ ಒಂದೇ ಅವಧಿಯಲ್ಲಿ ಮಾಡಿಸಲು ಹೋದರೆ ಎರಡೂ ಕೆಡುತ್ತವೆ. ಆದ್ದರಿಂದ ಕತ್ತರಿಸುವ ಕೆಲಸವನ್ನು ಎರಡು ದಿನ ಮೊದಲೇ ಮುಗಿಸುತ್ತೇನೆ. ಹಾಳೆ ನೀರಲ್ಲಿ ತೇಲುವುದರಿಂದ ಮೇಲೆ ಕಲ್ಲು ಹೇರಿ ಒಂದು ಗಂಟೆ ನೆನೆಸಬೇಕು. ಒಳಮೈಯ ತೆಳು ಪೊರೆಯನ್ನು ಉಗುರಿನಿಂದ ಎಬ್ಬಿಸಿ ಸುಲಿದು ತೆಗೆಯಬೇಕು. ಇದನ್ನು ಬಿಟ್ಟರೆ ಮುಂದೆ ಪೊರೆ ಏಳುವಾಗ ಬಣ್ಣವೂ ಅದರ ಜೊತೆ ಎದ್ದು ಬರುತ್ತದೆ. ರಟ್ಟಿನ ಅಚ್ಚು ಇಟ್ಟು ಗೆರೆ ಎಳೆಯುವಾಗ ಹಿಡಿಯ ಉದ್ದ ನಾರಿನ ದಿಕ್ಕಿಗೇ ಇರಲಿ. ಅಡ್ಡ ಇಟ್ಟರೆ ಎರಡು ಸಲ ಬೀಸುವಷ್ಟರಲ್ಲಿ ಹಿಡಿ ಮುರಿಯುತ್ತದೆ. ತಗಡು ಕತ್ತರಿಯಿಂದ ಕತ್ತರಿಸಿ, ಎರಡು ಹಲಗೆಗಳ ನಡುವೆ ಭಾರ ಹೇರಿ ಒಣಗಿಸಿ. ಭಾರವಿಲ್ಲದಿದ್ದರೆ ಹಾಳೆ ಮತ್ತೆ ದೋಣಿಯಂತೆ ಮುದುಡುತ್ತದೆ. ಕತ್ತರಿಸಿ ನೋಡುವ ಆಸೆ ಇರುವವರಿಗಾಗಿ ಮೇಜಿಗೊಂದು ನೆನೆಸಿದ ಹಾಳೆ ಬೇರೆಯೇ ಇರಲಿ.

ಶಿಬಿರದಲ್ಲಿ ಮೊದಲು ಬೀಸಣಿಗೆ. ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಆಕ್ರಿಲಿಕ್ ಬಣ್ಣದಲ್ಲಿ ಚಿತ್ರ ಬರೆಯುವುದಷ್ಟೇ ಶಿಬಿರಕ್ಕೆ ಬಂದವರ ಪಾಲಿನ ಕೆಲಸ. ಪೋಸ್ಟರ್ ಬಣ್ಣ ಅಗ್ಗವೇನೋ ಹೌದು, ಬೆವರಿದ ಕೈ ತಾಗಿದರೆ ಕರಗಿ ಅಂಗಿಗೆ ಇಳಿಯುತ್ತದೆ. ಐದು ಮಂದಿಗೆ ಒಂದು ಮೇಜು, ಮೇಜಿಗೆ ನಾಲ್ಕು ಬಣ್ಣ ಸಾಕು. ಹೆಚ್ಚು ಕೊಟ್ಟರೆ ಆರಿಸುವುದರಲ್ಲೇ ಹೊತ್ತು ಹೋಗುತ್ತದೆ.

ಬಣ್ಣ ಒಣಗುವ ಹೊತ್ತಿಗೆ ಪೀಪಿ. ಇದಕ್ಕೆ ಸುಳಿಯ ಸಿರಿಯನ್ನು, ಅಂದರೆ ಇನ್ನೂ ಅರಳದ ಎಳೆ ಗರಿಯನ್ನು, ಕಡಿಸಬೇಡಿ. ಮರಕ್ಕೆ ಪೆಟ್ಟು, ಗಾಯದ ವಾಸನೆಗೆ ಮರ ಕೊರೆಯುವ ಕೆಂಪುಮೂತಿ ಹುಳುವೂ ಬರುತ್ತದೆ. ಅರಳಿದ ಹಸಿರು ಮಡಲು (ಇಡೀ ಸೋಗೆ) ಎರಡು ಸಾಕು. ಒಂದರಲ್ಲಿ 200ರಷ್ಟು ಗರಿ ಇದ್ದರೂ ಬುಡದ್ದು, ತುದಿಯದ್ದು ಗಿಡ್ಡ. ನಡುವಿನದು ಮಾತ್ರ ಕೆಲಸಕ್ಕೆ ಬರುತ್ತದೆ. ಗರಿಯಲ್ಲಿ ಕತ್ತರಿಯಿಂದ ತ್ರಿಕೋನ ಹೊಡೆದಂತೆ ಕಂಡರೆ ಅದು ಕುರುವಾಯಿ ದುಂಬಿ ಸುಳಿಯಲ್ಲೇ ತಿಂದದ್ದು, ಬಿಟ್ಟುಬಿಡಿ. ಮರ ಹತ್ತುವವರಿಗೆ ಎರಡು ದಿನ ಮೊದಲು ಹೇಳಿ, ಬೆಳಗ್ಗೆಯೇ ಕಡಿಸಿ, ತೊಳೆದು, ಒದ್ದೆ ಗೋಣಿಯಲ್ಲಿ ಸುತ್ತಿಡಿ. ಸಭಾಂಗಣದ ಫ್ಯಾನಿನಡಿ ಬಿಚ್ಚಿಟ್ಟರೆ ಗರಿ ಬೇಗನೆ ಸುರುಟಿಕೊಳ್ಳುತ್ತದೆ. ತಲಾ ನಾಲ್ಕು ಗರಿ ಲೆಕ್ಕ ಹಾಕಿ: ಎರಡು ಹಾಳಾಗಲಿಕ್ಕೆ, ಎರಡು ಪೀಪಿಗೆ.

ಕಡ್ಡಿ ಸೀಳಿ ತೆಗೆದ ಪಟ್ಟಿಯ ತುದಿಯನ್ನು ಪೆನ್ಸಿಲಿನ ಸೀಸದಷ್ಟು ಸಣ್ಣ ತೂತು ಉಳಿಯುವಂತೆ ಬಿಗಿಯಾಗಿ ಸುತ್ತಿ. ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚಿ, ಓರೆಯಾಗಿ ಅಗಲವಾಗುತ್ತ ಹೋಗಲಿ. ಪಟ್ಟಿ ಮುಗಿದಲ್ಲಿ ಮುಂದಿನದನ್ನು ಅದರಡಿಗೆ ತೂರಿಸಿ ಸುತ್ತಿ, ಕೊನೆಗೆ ಕಡ್ಡಿಯ ತುಂಡು ಚುಚ್ಚಿ ನಿಲ್ಲಿಸಿ. ಸಣ್ಣ ತುದಿಯನ್ನು ಹೆಬ್ಬೆರಳಲ್ಲಿ ಚಪ್ಪಟೆ ಮಾಡಿ ಊದಬೇಕು. ಎದುರುಬದುರು ಎರಡು ಪದರ ಅದುರಿದರೇ ಸದ್ದು. ಗಾಳಿ ಮಾತ್ರ ಹೊರಟರೆ ತೂತು ದೊಡ್ಡದು, ಊದಲಿಕ್ಕೇ ಆಗದಿದ್ದರೆ ಹೆಚ್ಚು ಒತ್ತಿದ್ದೀರಿ. ಕನ್ನಡ, ತುಳು, ಮಲಯಾಳ ಮೂರೂ ಓಡಾಡುವ ಸಭೆಯಲ್ಲಿ ಇದನ್ನು ಬಾಯಲ್ಲಿ ವಿವರಿಸುವುದಕ್ಕಿಂತ ಸುತ್ತಿ ತೋರಿಸುವುದೇ ಲೇಸು. ಐದು ಮಂದಿಗೊಬ್ಬ ಕಲಿತ ಸಹಾಯಕ ಇರಲಿ.

ಪೀಪಿಯನ್ನು ಕೊನೆಗಿಡಲು ಇನ್ನೊಂದು ಕಾರಣವೂ ಇದೆ, ಅದರ ಸದ್ದು. ಪಕ್ಕದ ಕೋಣೆಯಲ್ಲಿ ಕವಿಗೋಷ್ಠಿ ನಡೆಯುತ್ತಿದೆಯೇ ಎಂದು ಸಂಘಟಕರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ; ನಡೆಯುತ್ತಿದ್ದರೆ ಊದುವುದನ್ನು ಅಂಗಳಕ್ಕೆ ಸಾಗಿಸಿ. ತೆಗೆದ ಕಡ್ಡಿ ಎಸೆಯಬೇಡಿ, ಅಡುಗೆಮನೆಯವರು ಹಿಡಿಸೂಡಿಗೆ (ಕಡ್ಡಿ ಪೊರಕೆಗೆ) ಕೇಳುತ್ತಾರೆ. ಬೀಸಣಿಗೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೊಡದೆ ಹಳೆ ಪತ್ರಿಕೆಯಲ್ಲಿ ಸುತ್ತಿ ಕೊಡಿ, ಬೂಷ್ಟು ಹಿಡಿಯುವುದಿಲ್ಲ.