ನಿಮ್ಮ ಅಂಗಡಿಯ ಗುಟ್ಟನ್ನು ನೀವೇ ಬಿಟ್ಟುಕೊಡುವುದು ಹೇಗೆ?

ತುಮಕೂರಿನ ಮನೆಯಲ್ಲಿ ಸಾರಿನ ಪುಡಿ ಮಾಡಿ ಮಾರುತ್ತೇನೆ. ಹೋದ ವರ್ಷ ಅಳತೆಯನ್ನೇ ಸ್ಟೇಟಸ್‌ಗೆ ಹಾಕಿದೆ: ಒಂದು ಕೆಜಿ ಧನಿಯಾ, ಮುಕ್ಕಾಲು ಕೆಜಿ ಬ್ಯಾಡಗಿ ಮೆಣಸಿನಕಾಯಿ, ಕಾಲು ಕೆಜಿ ಜೀರಿಗೆ, 100 ಗ್ರಾಂ ಮೆಂತ್ಯ. ತಂಗಿ ಬೈದಳು. ಗಿರಾಕಿಗಳು ಮಾತ್ರ ಕಮ್ಮಿಯಾಗಲಿಲ್ಲ.

ಮೊದಲು, ಯಾವ ಗುಟ್ಟು ಬಿಡಬೇಕು ಅಂತ ನೋಡಿ. ಅಳತೆ ಹೇಳಿದರೆ ತಿಳಿಯುತ್ತೆ, ಹದ ಹೇಳಿದರೂ ಕೈಗೆ ಬರಲ್ಲ. ಮೆಂತ್ಯ ಸಣ್ಣ ಉರಿಯಲ್ಲಿ ಕೆಂಪಗಾಗಬೇಕು, ಅರೆಗಳಿಗೆ ಹೆಚ್ಚಾದರೆ ಇಡೀ ಪುಡಿ ಕಹಿ. ಬಾಣಲೆ ಮುಂದೆ ವರ್ಷಗಟ್ಟಲೆ ನಿಂತು ಕಲಿತದ್ದು ಅದು. ಅಳತೆ ಕೊಟ್ಟರೆ ಕಲಬೆರಕೆ ಇಲ್ಲ ಅಂತ ಜನಕ್ಕೆ ನಂಬಿಕೆ ಬರುತ್ತೆ.

ಆಮೇಲೆ ಸಮಯ. ಊರವರ ಬಾಯಿಗೆ ಬೀಳುವ ಹೊತ್ತಿಗೆ ನೀವೇ ಹೇಳಿಬಿಡಿ. 2019ರ ಜೂನ್‌ನಲ್ಲಿ ಪಿಕ್ಸೆಲ್ 4 ಫೋನಿನ ಚಿತ್ರಗಳು ಹರಿದಾಡತೊಡಗಿದಾಗ ಗೂಗಲ್ ತಾನೇ ಅದರ ಹಿಂಭಾಗದ ಚಿತ್ರ ಹಾಕಿತು. ಬಿಡುಗಡೆ ಆಗಿದ್ದು ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೂ ಮಾತು ನಡೆದೇ ಇತ್ತು.

ನಿಮ್ಮ ಹೆಸರಲ್ಲೇ ಕೊಡಿ. 1959ರಲ್ಲಿ ವೋಲ್ವೋದ ನಿಲ್ಸ್ ಬೋಲಿನ್ ರೂಪಿಸಿದ, ಭುಜ ಸೊಂಟ ಎರಡನ್ನೂ ಹಿಡಿಯುವ ಮೂರು ಬಿಂದುವಿನ ಸೀಟ್ ಬೆಲ್ಟನ್ನು ಕಂಪನಿ ಬೇರೆ ಕಾರು ತಯಾರಕರಿಗೂ ಬಿಟ್ಟುಕೊಟ್ಟಿತು. ಎಷ್ಟು ಜೀವ ಉಳಿದವು! ಸುರಕ್ಷತೆ ಅಂದರೆ ಇವತ್ತಿಗೂ ವೋಲ್ವೋ ನೆನಪಾಗುತ್ತೆ.

ಗಿರಾಕಿಗಳ ನಂಬರು, ಸರಕು ಕೊಡುವವರ ದರ ಯಾವತ್ತೂ ಹೊರಗೆ ಬಿಡಬೇಡಿ, ಅವು ನಿಮ್ಮ ಗುಟ್ಟಲ್ಲ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಬೆಲೆ ಏರಿಳಿಸುವ ಸುದ್ದಿಯನ್ನು ಬೇಕಾದವರ ಕಿವಿಗಷ್ಟೇ ಹಾಕುವುದು ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿಯ ನಿಯಮದಲ್ಲಿ ಅಪರಾಧ.